ನಿತ್ಯ ಬರುವವರನ್ನು ‘ಬರುವುದಿಲ್ಲ’ ಎನ್ನಬೇಡಿ: ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಸೂಜಿಯ ಮೂಲಕ ಮಾದಕ ವಸ್ತು ಬಳಸುವವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಓಎಸ್‌ಟಿ (ಬದಲಿ ಔಷಧಿ ಚಿಕಿತ್ಸೆ) ಕೇಂದ್ರಗಳಲ್ಲಿಯೇ ಕೊಡುವ ಕುರಿತು.

ಮಾನ್ಯರೇ,

ವೃತ್ತಿಯಿಂದ ನಾನು ಶುಶ್ರೂಷಕಿ. ಒಂಬತ್ತು ವರ್ಷಗಳಿಂದ ಬೆಂಗಳೂರಿನ ಒಂದು ಓಎಸ್‌ಟಿ ಕೇಂದ್ರದ ಔಷಧಿ ಕಿಟಕಿಯಲ್ಲಿ ಕೂತಿದ್ದೇನೆ. ಹೆರಾಯಿನ್ ಅನ್ನೋ, ಟಪೆಂಟಡಾಲ್‌ನಂಥ ನೋವಿನ ಮಾತ್ರೆಗಳನ್ನು ನೀರಿನಲ್ಲಿ ಕರಗಿಸಿಯೋ ಸೂಜಿಯಿಂದ ಚುಚ್ಚಿಕೊಳ್ಳುವ ಚಟಕ್ಕೆ ಸಿಕ್ಕವರಿಗೆ ಬದಲಿಯಾಗಿ ಬುಪ್ರೆನಾರ್ಫಿನ್ ಎಂಬ ಔಷಧಿಯನ್ನು ಸರ್ಕಾರವೇ ಉಚಿತವಾಗಿ ಕೊಡುವ ಚಿಕಿತ್ಸೆ ಇದು ಎಂಬುದು ತಮಗೆ ತಿಳಿದೇ ಇದೆ. ಪತ್ರ ಬಹಿರಂಗವಾದ್ದರಿಂದ ಓದುವ ಉಳಿದವರಿಗಾಗಿ ಬರೆದೆ. ನನ್ನ ಬೇಡಿಕೆ ಚಿಕ್ಕದು. ದಿನವೂ ಈ ಕಿಟಕಿಗೆ ಬರುವವರಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಇದೇ ಕಿಟಕಿಯಲ್ಲಿ ಹಾಕಲು ನಮಗೆ ಅಪ್ಪಣೆ ಕೊಡಿ.

ಬರೆಯಲು ಕಾರಣವಾದದ್ದು ಸಭೆಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬಿದ್ದ ಒಂದು ಮಾತು. “ಆ ಜನಕ್ಕೆ ಮೂರು ಡೋಸ್ ಮುಗಿಸೋದು ಆಗದ ಕೆಲಸ ಸಿಸ್ಟರ್, ಒಂದು ಹಾಕಿಸ್ಕೊಂಡು ಹೋದವರು ಮತ್ತೆ ಮುಖ ತೋರಿಸಲ್ಲ.” ಹೀಗೆ ಹೇಳಿದವರಲ್ಲಿ ನಾನು ಗೌರವಿಸುವ ವೈದ್ಯರೂ ಇದ್ದಾರೆ. ಆದರೆ ಅವರು ಯಾರೂ ನಮ್ಮ ಬೆಂಚನ್ನು ನೋಡಿಲ್ಲ.

ಕಿಟಕಿ ತೆರೆಯುವುದು ಒಂಬತ್ತಕ್ಕೆ. ಎಂಟೂವರೆಗೇ ಆಟೋ ಓಡಿಸುವವರು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು, ಪೇಂಟಿಂಗ್ ಕೆಲಸದವರು, ಒಬ್ಬಿಬ್ಬರು ಕಾಲೇಜು ಹುಡುಗರು ಬಂದು ನಿಂತಿರುತ್ತಾರೆ. ಒಬ್ಬೊಬ್ಬರ ಅಳತೆಯ ಮಾತ್ರೆಗಳನ್ನು ಪುಡಿ ಮಾಡಿ, ನಾಲಗೆ ಎತ್ತಿಸಿ, ಅದರ ಕೆಳಗೆ ಸುರಿಯುತ್ತೇನೆ. ಆಮೇಲೆ ಅವರು ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂರಬೇಕು. ನುಂಗುವಂತಿಲ್ಲ, ಮಾತಾಡುವಂತಿಲ್ಲ, ಏಕೆಂದರೆ ಈ ಔಷಧಿ ಹೊಟ್ಟೆಗೆ ಇಳಿದರೆ ಬಹುಪಾಲು ವ್ಯರ್ಥ. ಪೂರ್ತಿ ಕರಗಲು ಏಳೆಂಟು ನಿಮಿಷ ಹಿಡಿಯುತ್ತದೆ. ಕರಗಿದ ಮೇಲೆ ಟಾರ್ಚ್ ಬಿಟ್ಟು ಬಾಯಿ ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕಳಿಸುತ್ತೇನೆ. ಮಳೆ ಬರಲಿ, ಬಂದ್ ಇರಲಿ, ಈ ಸಾಲು ತಪ್ಪುವುದಿಲ್ಲ. ಯುಗಾದಿಯ ದಿನ ಎಣ್ಣೆಸ್ನಾನ ಮಾಡಿ, ಹಣೆಗೆ ಕುಂಕುಮವಿಟ್ಟು, ಹೊಸ ಅಂಗಿಯಲ್ಲಿ ಬಂದು ನಾಲಗೆ ಎತ್ತಿದವರಿದ್ದಾರೆ. ತಿಂಗಳಿಗೆ ಇಪ್ಪತ್ತೈದು ಇಪ್ಪತ್ತಾರು ದಿನ ಒಂದೇ ಕಿಟಕಿಗೆ ಬರುವ ಮನುಷ್ಯನನ್ನು ಆರು ತಿಂಗಳಲ್ಲಿ ಮೂರು ಸಲ ಬರಲಾರದವನು ಎಂದು ನಾವು ಬರೆದಿಟ್ಟುಕೊಂಡಿದ್ದೇವೆ. ಅವನು ಬಾಯಿ ಮುಚ್ಚಿ ಕೂತಿರುವ ಆ ಏಳೆಂಟು ನಿಮಿಷಗಳಲ್ಲಿ ತೋಳಿಗೊಂದು ಲಸಿಕೆ ಹಾಕಲು ನನಗೆ ಒಂದು ನಿಮಿಷ ಸಾಕು.

ಹೆಪಟೈಟಿಸ್ ಬಿ ಎಂಥ ಕಾಯಿಲೆ ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಇದು ರಕ್ತದಿಂದ ಮತ್ತು ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ಯಕೃತ್ತನ್ನು ಹಿಡಿದು ವರ್ಷಗಟ್ಟಲೆ ಸುಮ್ಮನಿದ್ದು, ಕೊನೆಗೆ ಸಿರೋಸಿಸ್ಸಿಗೋ ಕ್ಯಾನ್ಸರಿಗೋ ತಿರುಗಬಲ್ಲದು. ಈ ವೈರಸ್ ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿಯೂ, ಕನಿಷ್ಠ 7 ದಿನ ಬದುಕಿರುತ್ತದೆ. ಹಾಗಾಗಿ ಹಂಚಿಕೊಂಡ ಸಿರಿಂಜ್ ಮಾತ್ರವಲ್ಲ, ಮಾತ್ರೆ ಕರಗಿಸಿದ ಬಾಟಲಿಯ ಮುಚ್ಚಳ, ಸೋಸಲು ಇಟ್ಟ ಹತ್ತಿ ಕೂಡ ಸೋಂಕು ದಾಟಿಸಬಲ್ಲವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ 2.98 ಕೋಟಿ ಜನರಲ್ಲಿ ಈ ಸೋಂಕಿತ್ತು. ಸೂಜಿಯಿಂದ ಹರಡುವ ಮೂರು ದೊಡ್ಡ ಸೋಂಕುಗಳಲ್ಲಿ ಎಚ್‌ಐವಿಗೆ ಲಸಿಕೆಯಿಲ್ಲ, ಹೆಪಟೈಟಿಸ್ ಸಿಗೂ ಇಲ್ಲ. ಲಸಿಕೆ ಇರುವುದು ಬಿಗೆ ಮಾತ್ರ, ಮತ್ತು ಅದು ಹೊಸದೇನೂ ಅಲ್ಲ. ಪಕ್ಕದ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿಯೇ ದೇಶೀ ಲಸಿಕೆಯನ್ನು ಮಾರುಕಟ್ಟೆಗೆ ತಂದು, ಅದುವರೆಗೆ ಉಳ್ಳವರ ಕೈಗೆ ಮಾತ್ರ ಎಟುಕುತ್ತಿದ್ದುದನ್ನು ಅಗ್ಗವಾಗಿಸಿತು.

ನಮ್ಮ ಬೆಂಚಿನ ಮೇಲೆ ಕೂರುವವರು ಇದನ್ನು ಬಾಲ್ಯದಲ್ಲಿ ಪಡೆದಿರಬಹುದಲ್ಲವೇ ಎಂದು ಕೇಳುವವರಿದ್ದಾರೆ. ಮಕ್ಕಳ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮಕ್ಕೆ ಇದು ಪ್ರಾಯೋಗಿಕವಾಗಿ ಬಂದದ್ದು 2002ರಲ್ಲಿ, ಇಡೀ ದೇಶಕ್ಕೆ ಹರಡಿದ್ದು 2011ರಲ್ಲಿ. ಇಂದು ಇಪ್ಪತ್ತೈದು, ಮೂವತ್ತು, ನಲವತ್ತು ವರ್ಷದವರು ಕೂಸುಗಳಾಗಿದ್ದಾಗ ಆ ಅಂಗನವಾಡಿಯ ಪೆಟ್ಟಿಗೆಯಲ್ಲಿ ಈ ಲಸಿಕೆ ಇರಲೇ ಇಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಈ ಕೊರತೆಯನ್ನು ಕಂಡಿದೆ. ನವಜಾತ ಶಿಶುಗಳು ಮತ್ತು ಆರೋಗ್ಯ ಸಿಬ್ಬಂದಿಯ ಜೊತೆಗೆ ಹೆಚ್ಚಿನ ಅಪಾಯದಲ್ಲಿರುವ ಗುಂಪುಗಳಿಗೂ ಲಸಿಕೆ ಎಂದು ಅದರಲ್ಲಿಯೇ ಬರೆದಿದೆ. ಅಂದರೆ ನೀತಿಯ ಮಟ್ಟದಲ್ಲಿ ನಮಗೆ ಜಗಳವಿಲ್ಲ. ಪ್ರತಿ ವರ್ಷ ವಿಶ್ವ ಹೆಪಟೈಟಿಸ್ ದಿನವಾದ ಜುಲೈ 28 ಬಂತೆಂದರೆ ನಮ್ಮ ಗೇಟಿಗೂ ಒಂದು ಬ್ಯಾನರ್ ಬರುತ್ತದೆ. ಬ್ಯಾನರ್ ಕಟ್ಟುವ ಹಗ್ಗವನ್ನು ಹಿಡಿದವರೇ ಲಸಿಕೆಯಿಲ್ಲದವರು ಎಂಬುದು ಹಗ್ಗ ಬಿಗಿಯುವಾಗ ನನಗೆ ಹೊಳೆಯುವುದುಂಟು.

ಹಾಗಾದರೆ ಎಲ್ಲಿ ತಪ್ಪುತ್ತಿದೆ ಎಂಬುದನ್ನು ಒಬ್ಬರ ಮೂಲಕ ಹೇಳುತ್ತೇನೆ. ಅವರ ಹೆಸರು ಬೇಡ. ವಯಸ್ಸು ಮೂವತ್ತೆರಡು, ಬಣ್ಣ ಹೊಡೆಯುವ ಕೆಲಸ, ಏಪ್ರಿಲ್ ಬಿಸಿಲಿನಲ್ಲೂ ತುಂಬುತೋಳಿನ ಅಂಗಿ. ಲಸಿಕೆಗೆಂದು ಚೀಟಿ ಬರೆದು ನಾನೇ ಅವರನ್ನು ಒಂದು ದೊಡ್ಡಾಸ್ಪತ್ರೆಗೆ ಕಳಿಸಿದೆ. ಮೊದಲು ಹೊರರೋಗಿ ಚೀಟಿಯ ಸಾಲು, ಅಲ್ಲಿ ಆಧಾರ್. ಆಮೇಲೆ ವೈದ್ಯರ ಸಾಲು. ಅವರು ಮೊದಲು ರಕ್ತ ಪರೀಕ್ಷೆಯಾಗಲಿ ಎಂದರು. ರಕ್ತ ತೆಗೆಯುವಲ್ಲಿ ನರ ಸಿಗಲಿಲ್ಲ (ನಮ್ಮವರು ರಕ್ತನಾಳಕ್ಕೂ ನರ ಎಂದೇ ಹೇಳುತ್ತಾರೆ). ವರ್ಷಗಟ್ಟಲೆ ಚುಚ್ಚಿ ಚುಚ್ಚಿ ಬತ್ತಿದ ಕೈ ಅದು; ಮೂರು ಕಡೆ ಚುಚ್ಚಿ ನೋಡಿದ ಮೇಲೆ ಅಂಗಿಯ ತೋಳನ್ನು ಪೂರ್ತಿ ಮಡಿಸಲು ಹೇಳಿದರಂತೆ. ಮಡಿಸಿದಾಗ ಕಂಡ ಕಪ್ಪು ಗೆರೆಗಳನ್ನು ನೋಡಿ ಅಲ್ಲಿದ್ದವರು, ಸಾಲಿನಲ್ಲಿದ್ದ ಇಪ್ಪತ್ತು ಜನಕ್ಕೆ ಕೇಳುವಂತೆ, “ನೀವೇ ಚುಚ್ಕೋತೀರಲ್ಲ, ನೀವೇ ತೆಗ್ದು ಕೊಡಿ” ಎಂದರು. ಇಷ್ಟಾಗಿ ಆ ದಿನ ಲಸಿಕೆ ಹಾಕುವ ವಾರವೂ ಆಗಿರಲಿಲ್ಲ. ಅರ್ಧ ದಿನದ ಕೂಲಿ ಬಿಟ್ಟು ಹೋದವರು ಮರುದಿನ ಬೆಳಿಗ್ಗೆ ನನ್ನ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಟಕಿಯಲ್ಲಿಟ್ಟು, ಏನೂ ಹೇಳದೆ ನಾಲಗೆ ಎತ್ತಿದರು. ನನ್ನ ದಾಖಲೆಯಲ್ಲಿ ಅವರು ‘ಲಸಿಕೆಗೆ ಕಳಿಸಲಾಗಿದೆ, ಪಡೆದಿಲ್ಲ’ ಎಂಬ ಸಾಲಿಗೆ ಸೇರಿದರು.

ಹದಿನಾಲ್ಕು ತಿಂಗಳ ನಂತರ ನಮ್ಮಲ್ಲಿಗೇ ಬೆರಳ ತುದಿಯ ರಕ್ತದಿಂದ ಮಾಡುವ ಕಾರ್ಡ್ ಪರೀಕ್ಷೆ ಬಂದಾಗ ಅವರ ಕಾರ್ಡಿನಲ್ಲಿ ಎರಡು ಗೆರೆ ಮೂಡಿತು. ಸೋಂಕು ಆ ಚೀಟಿ ಬರೆದ ದಿನವೇ ಇತ್ತೋ, ಆಮೇಲೆ ತಗುಲಿತೋ ನಾನು ಹೇಳಲಾರೆ, ಏಕೆಂದರೆ ಅಂದು ಪರೀಕ್ಷೆಯೂ ಆಗಲಿಲ್ಲ, ಲಸಿಕೆಯೂ ಆಗಲಿಲ್ಲ. ಈಗ ಅವರು ಸರ್ಕಾರ ಉಚಿತವಾಗಿ ಕೊಡುವ ಟೆನೊಫೊವಿರ್ ಮಾತ್ರೆಯನ್ನು ದಿನವೂ ತೆಗೆದುಕೊಳ್ಳುತ್ತಾರೆ, ಬಹುಶಃ ಬಹಳ ಕಾಲ ತೆಗೆದುಕೊಳ್ಳಬೇಕಾಗುತ್ತದೆ.

ಈ ಕಥೆಯಲ್ಲಿ ಮೂರು ಗಂಟುಗಳಿವೆ, ಮೂರನ್ನೂ ತಮ್ಮ ಒಂದು ಆದೇಶ ಬಿಡಿಸಬಲ್ಲದು. ಮೊದಲನೆಯದು ರಕ್ತ ಪರೀಕ್ಷೆಯ ಷರತ್ತು. ಪರೀಕ್ಷೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಸೋಂಕಿದ್ದವರು ಗೊತ್ತಾದರೆ ತಾನೆ ಚಿಕಿತ್ಸೆ. ಆದರೆ ಪರೀಕ್ಷೆಯ ಫಲಿತಾಂಶ ಬರುವವರೆಗೆ ಲಸಿಕೆಯನ್ನು ತಡೆಯುವುದಕ್ಕೆ ವೈದ್ಯಕೀಯ ಕಾರಣವಿಲ್ಲ. ಆಗಲೇ ಸೋಂಕಿದ್ದವನಿಗೆ ಈ ಲಸಿಕೆ ಹಾಕಿದರೆ ಉಪಯೋಗವಾಗದಿರಬಹುದು, ಹಾನಿಯಂತೂ ಇಲ್ಲ. ಬೆರಳಿಗೆ ಚುಚ್ಚಿ ಕಾರ್ಡಿನ ಮೇಲೆ ಹನಿ ಹಾಕಿ, ಅದೇ ಕೂತಲ್ಲಿ ತೋಳಿಗೆ ಮೊದಲ ಡೋಸ್ ಕೊಟ್ಟುಬಿಡಬಹುದು. ಉಳಿದಿರುವ ಒಂದೋ ಎರಡೋ ನರಗಳನ್ನು ಲ್ಯಾಬಿಗೆ ಕೊಡಲು ಹಿಂಜರಿಯುವವರು ತೋಳಿನ ಮಾಂಸಖಂಡಕ್ಕೆ ಹಾಕುವ ಲಸಿಕೆಗೆ ಹಿಂಜರಿದದ್ದನ್ನು ನಾನು ನೋಡಿಲ್ಲ.

ಎರಡನೆಯದು ಕಾಲಾವಧಿ. 0, 1, 6 ತಿಂಗಳ ವಾಡಿಕೆಯ ಕ್ರಮ ಮನೆ, ವಿಳಾಸ, ತಿಂಗಳ ಸಂಬಳ ಇರುವವರ ಲೆಕ್ಕದ್ದು. ಆರು ತಿಂಗಳಲ್ಲಿ ನಮ್ಮವರು ಒಂದು ಸಲ ಜೈಲಿಗೆ ಹೋಗಿ ಬಂದಿರುತ್ತಾರೆ, ಒಂದು ಸಲ ಊರಿಗೆ ಹೋಗಿರುತ್ತಾರೆ, ಕೆಲವರು ಮತ್ತೆ ಸೂಜಿ ಹಿಡಿದು ಎರಡು ತಿಂಗಳು ಕಾಣೆಯಾಗಿರುತ್ತಾರೆ. ಇದಕ್ಕೆಂದೇ 0, 7, 21ನೇ ದಿನಗಳ ತ್ವರಿತ ಕ್ರಮವಿದೆ, ರಕ್ಷಣೆ ಗಟ್ಟಿಯಾಗಲು 12ನೇ ತಿಂಗಳಲ್ಲಿ ನಾಲ್ಕನೆಯದು. ಸೂಜಿಯಿಂದ ಮಾದಕ ಬಳಸುವವರಿಗೆ ತ್ವರಿತ ಕ್ರಮವನ್ನೇ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಇಂಗ್ಲೆಂಡಿನ ಜೈಲುಗಳಲ್ಲಿ ಇದೇ ಕ್ರಮ ಬಳಕೆಯಲ್ಲಿದೆ. ರಾಜ್ಯದ ತಜ್ಞರ ಸಮಿತಿಯ ಒಪ್ಪಿಗೆ ಬೇಕಿದ್ದರೆ ದಯವಿಟ್ಟು ಪಡೆಯಿರಿ, ಆದರೆ ಬೇಗ ಪಡೆಯಿರಿ. ಇಲ್ಲಿಯೇ ಇನ್ನೊಂದು ಮಾತು: ನಡುವೆ ಡೋಸ್ ತಪ್ಪಿಸಿದವರು ಬಂದಾಗ ಮೊದಲಿನಿಂದ ಶುರು ಮಾಡಬೇಕೆಂಬ ನಂಬಿಕೆ ನಮ್ಮ ಶುಶ್ರೂಷಕಿಯರಲ್ಲಿಯೂ ಬಲವಾಗಿದೆ. ಹಾಗೇನಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಸಾಕು. ‘ಮತ್ತೆ ಮೊದಲಿಂದ’ ಎಂದು ಕೇಳಿಸಿಕೊಂಡು ಎದ್ದು ಹೋದವರನ್ನು ಕಂಡಿದ್ದೇನೆ. ಈ ಒಂದು ಸಾಲನ್ನು ಸುತ್ತೋಲೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸಿದರೂ ನೂರಾರು ಡೋಸ್ ಉಳಿಯುತ್ತದೆ.

ಮೂರನೆಯದು ಜಾಗ. ನಮ್ಮ ಕೇಂದ್ರದಿಂದ ಮಕ್ಕಳ ಲಸಿಕಾ ಕೊಠಡಿಗೆ ನಲವತ್ತು ಹೆಜ್ಜೆ, ನಾನೇ ಎಣಿಸಿದ್ದೇನೆ. ಅಲ್ಲಿ ಐಎಲ್‌ಆರ್ ಫ್ರಿಜ್ ಇದೆ, 2ರಿಂದ 8 ಡಿಗ್ರಿಯ ನಡುವೆ ಮುಳ್ಳು ನಿಂತಿರುತ್ತದೆ, ಬೆಳಿಗ್ಗೆ ಸಂಜೆ ಬರೆದಿಡುವ ಪಟ್ಟಿ ಇದೆ. ಒಂದು ವ್ಯಾಕ್ಸಿನ್ ಕ್ಯಾರಿಯರ್‌ನಲ್ಲಿ ನಾಲ್ಕು ಐಸ್ ಪ್ಯಾಕ್ ಇಟ್ಟು ಲಸಿಕೆಯನ್ನು ಈಚೆಗೆ ತರುವುದು ಐದು ನಿಮಿಷದ ಕೆಲಸ. ಒಂದೇ ಎಚ್ಚರ: ಹೆಪಟೈಟಿಸ್ ಬಿ ಲಸಿಕೆ ಹೆಪ್ಪುಗಟ್ಟಿದರೆ ಕೆಟ್ಟಿತು, ಆದ್ದರಿಂದ ಐಸ್ ಪ್ಯಾಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬರುವವರೆಗೆ ಹೊರಗಿಟ್ಟಿರಬೇಕು. ಇದು ಹಳ್ಳಿಯ ಪ್ರತಿಯೊಬ್ಬ ಎಎನ್‌ಎಂಗೂ ಗೊತ್ತು. ಒಬ್ಬನಿಗಾಗಿ ಹಲವು ಡೋಸ್‌ಗಳ ವೈಯಲ್ ಒಡೆದರೆ ಉಳಿದದ್ದು ಹಾಳಾಗುತ್ತದೆ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಓಪನ್ ವೈಯಲ್ ನಿಯಮದಂತೆ ಸರಿಯಾಗಿ ಕಾಪಾಡಿದ ಹೆಪಟೈಟಿಸ್ ಬಿ ವೈಯಲನ್ನು ತೆರೆದ ಮೇಲೂ 28 ದಿನ ಬಳಸಬಹುದು. ಕೊರತೆಯಿರುವುದು ಎರಡು ಕಾಗದಗಳದು: ವಯಸ್ಕರ ಡೋಸ್‌ಗೆ ಓಎಸ್‌ಟಿ ಕೇಂದ್ರದ ಹೆಸರಿನಲ್ಲಿ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುವ ಅಧಿಕಾರ, ಮತ್ತು ಅದನ್ನು ಹಾಕಲು ಕೇಂದ್ರದ ಶುಶ್ರೂಷಕಿಗೆ ಲಿಖಿತ ಅನುಮತಿ. ಏಡ್ಸ್ ನಿಯಂತ್ರಣದ ಸಂಸ್ಥೆ ಬೇರೆ, ಹೆಪಟೈಟಿಸ್ ಕಾರ್ಯಕ್ರಮ ಬೇರೆ, ಲಸಿಕಾ ವಿಭಾಗ ಬೇರೆ. ಮೂರು ಕಡತಗಳ ನಡುವೆ ನಲವತ್ತು ಹೆಜ್ಜೆ ಎಷ್ಟು ಉದ್ದವಾಗಬಹುದೆಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ.

ಲಸಿಕೆ ಹಾಕಿಸಿಕೊಳ್ಳಲು ಬಂದವರಿಗೆ ಸಣ್ಣದೊಂದು ಪ್ರೋತ್ಸಾಹ ಕೊಡಿ ಎಂದು ಹೇಳಿದಾಗಲೆಲ್ಲ ಸಭೆಯಲ್ಲಿ ನಗು ಏಳುತ್ತದೆ. ನಗುವವರಿಗಾಗಿ ಬ್ರಿಟನ್ನಿನ ಒಂದು ಪ್ರಯೋಗವನ್ನು ಹೇಳುತ್ತೇನೆ, 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದದ್ದು. ನಮ್ಮಂತೆಯೇ ಬದಲಿ ಔಷಧಿ ಪಡೆಯುತ್ತಿದ್ದವರನ್ನು ಮೂರು ಗುಂಪು ಮಾಡಿದರು. ಎಂದಿನಂತೆ ಲಸಿಕೆಗೆ ಕರೆದ ಗುಂಪಿನಲ್ಲಿ ಮೂರೂ ಡೋಸ್‌ಗಳನ್ನು 28 ದಿನಗಳೊಳಗೆ ಮುಗಿಸಿದವರು ನೂರಕ್ಕೆ 9; ಡೋಸ್‌ಗೊಂದು ಸಣ್ಣ ವೋಚರ್ ಕೊಟ್ಟ ಗುಂಪಿನಲ್ಲಿ 45; ವೋಚರಿನ ಬೆಲೆಯನ್ನು ಡೋಸ್‌ನಿಂದ ಡೋಸ್‌ಗೆ ಏರಿಸಿದ ಗುಂಪಿನಲ್ಲಿ 49. ಒಬ್ಬರಿಗೆ ಕೊಟ್ಟ ಒಟ್ಟು ಮೊತ್ತ ಹೆಚ್ಚೆಂದರೆ 30 ಪೌಂಡ್. ಹಣ ಕೊಟ್ಟರೆ ಅದು ಮತ್ತೆ ಸೂಜಿಗೇ ಹೋಗುತ್ತದೆ ಎನ್ನುವಿರಾದರೆ ಹಣ ಬೇಡ. ಬೆಂಗಳೂರಿನಲ್ಲಿ 2017ರಿಂದ ಇಂದಿರಾ ಕ್ಯಾಂಟೀನ್ ಇದೆ, ಅಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಡೋಸ್‌ಗೆ ಹತ್ತು ಊಟದ ಕೂಪನ್ ಕೊಟ್ಟರೂ ಖರ್ಚು ನೂರು ರೂಪಾಯಿ. ಕ್ಷಯರೋಗಿಗಳಿಗೆ 2018ರಿಂದ ಪೌಷ್ಟಿಕ ಆಹಾರಕ್ಕೆಂದು ಪ್ರತಿ ತಿಂಗಳು ಹಣ ಹಾಕುತ್ತಿರುವ ಸರ್ಕಾರಕ್ಕೆ ಚಿಕಿತ್ಸೆಯ ಜೊತೆ ಅನ್ನ ಕೊಡುವುದು ಹೊಸ ವಿಚಾರವಲ್ಲ.

ತಮ್ಮ ಇಲಾಖೆಗೆ ಇಂಥದ್ದು ಸಾಧ್ಯ ಎಂಬುದನ್ನು ನಾನು ಕಣ್ಣಾರೆ ಕಂಡವಳು. 2021ರಲ್ಲಿ ಕೋವಿಡ್ ಲಸಿಕೆ ಬಂದಾಗ ಮೊದಮೊದಲು ಫೋಟೊ ಗುರುತಿನ ಚೀಟಿ, ಮೊಬೈಲ್, ಓಟಿಪಿ ಇಲ್ಲದೆ ಹೆಸರೇ ಏರುತ್ತಿರಲಿಲ್ಲ. ನಮ್ಮಲ್ಲಿ ಅರ್ಧದಷ್ಟು ಜನರ ಬಳಿ ಇವು ಮೂರೂ ಒಟ್ಟಿಗೆ ಇರಲಿಲ್ಲ. ಆ ವರ್ಷದ ಮೇ 6ರಂದು ಕೇಂದ್ರ ಆರೋಗ್ಯ ಸಚಿವಾಲಯ ಗುರುತಿನ ಚೀಟಿ ಇಲ್ಲದವರಿಗೂ, ಅಲೆಮಾರಿಗಳು, ಕೈದಿಗಳು, ಭಿಕ್ಷುಕರು, ಪುನರ್ವಸತಿ ಕೇಂದ್ರಗಳಲ್ಲಿ ಇರುವವರಿಗೂ ಲಸಿಕೆ ಹಾಕುವ ಕ್ರಮವನ್ನು ಹೊರಡಿಸಿತು. ಅದರ ನಂತರ ಒಂದು ಮಧ್ಯಾಹ್ನ ತಂಡವೊಂದು ನಮ್ಮ ವೆರಾಂಡಕ್ಕೆ ಪೆಟ್ಟಿಗೆ ಹೊತ್ತು ಬಂತು. ಸಂಜೆಯ ಹೊತ್ತಿಗೆ ಪೆಟ್ಟಿಗೆ ಬರಿದಾಗಿ, ಇನ್ನೂ ಆರು ಜನ ನಿಂತಿದ್ದರು. ಅಂದು ಬಂದಿದ್ದ ತಂಡದಲ್ಲಿ ಯಾರೂ ತುಂಬುತೋಳಿನ ಬಗ್ಗೆ ಏನೂ ಕೇಳಲಿಲ್ಲ. ಪರದೆಯ ಹಿಂದೆ ಒಬ್ಬೊಬ್ಬರನ್ನೇ ಕರೆದು, ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿಸಿ, ಭುಜವನ್ನಷ್ಟೇ ಹೊರಗೆ ತೆಗೆಸಿ ಹಾಕಿದರು. ತೋಳು ಮಡಿಸುವ ಪ್ರಸಂಗವೇ ಬರಲಿಲ್ಲ. ಅದೇ ಉಪಾಯವನ್ನು ನಾನೂ ಅನುಸರಿಸುವವಳಿದ್ದೇನೆ.

ಕಿಟಕಿಗೆ ಬಾರದೆ ಇನ್ನೂ ಸೂಜಿಯಲ್ಲೇ ಇರುವವರನ್ನು ಮರೆತು ಬರೆಯುತ್ತಿಲ್ಲ. ಅವರನ್ನು ಮುಟ್ಟುವವರು ಸಂಜೆ ಫ್ಲೈಓವರ್ ಕೆಳಗೆ, ಮುಚ್ಚಿದ ಗೋಡೌನುಗಳ ಹಿಂದೆ ಹೊಸ ಸಿರಿಂಜ್ ಕೊಟ್ಟು ಹಳೆಯದನ್ನು ವಾಪಸು ಪಡೆಯುವ ನಮ್ಮ ಪೀಯರ್‌ಗಳು, ಅಂದರೆ ಅದೇ ಸಮುದಾಯದಿಂದ ಬಂದ ಕಾರ್ಯಕರ್ತರು. ಅವರ ಜೊತೆ ವಾರಕ್ಕೆರಡು ಸಂಜೆ ಒಬ್ಬ ಶುಶ್ರೂಷಕಿ ಕ್ಯಾರಿಯರ್ ಹಿಡಿದು ಹೋಗಬೇಕು. ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ 2016ರಿಂದ 2018ರವರೆಗೆ ಮನೆಯಿಲ್ಲದವರು ಮತ್ತು ಮಾದಕ ಬಳಸುವವರ ನಡುವೆ ಹೆಪಟೈಟಿಸ್ ಎ ಹರಡಿ 592 ಜನರಿಗೆ ಕಾಯಿಲೆಯಾಗಿ, 20 ಜನ ಸತ್ತರು. ಅಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಕಾಲ್ನಡಿಗೆಯಲ್ಲಿ ಬೀದಿಗಿಳಿದು ಲಸಿಕೆ ಹಾಕಿದ ಶುಶ್ರೂಷಕಿಯರ ತಂಡಗಳು. ನಮ್ಮಲ್ಲಿ ಪೊಲೀಸರ ಭಯ ಇನ್ನೊಂದು. ಸಿರಿಂಜ್ ಹಂಚುವುದು ಅಪರಾಧವಲ್ಲ ಎಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ 22ನೇ ಕಲಂ ರಕ್ಷಣೆ ಕೊಟ್ಟಿದ್ದರೂ, ಬೀಟ್ ಪೊಲೀಸರಿಗೆ ಅದನ್ನು ಮೊಬೈಲಿನಲ್ಲಿ ತೋರಿಸುವ ಕೆಲಸ ಪ್ರತಿ ಸಲ ನಮ್ಮದೇ. ತಮ್ಮ ಇಲಾಖೆಯಿಂದ ಪೊಲೀಸ್ ಆಯುಕ್ತರಿಗೆ ಒಂದು ಪತ್ರ ಹೋದರೆ ಉಪಕಾರವಾಗುತ್ತದೆ.

ಹೆಂಡತಿಯರ ವಿಷಯ ಪ್ರತ್ಯೇಕ ಪತ್ರಕ್ಕೇ ಅರ್ಹವಾದದ್ದು. ಸೂಜಿ ಮುಟ್ಟದ ಆ ಹೆಂಗಸರಿಗೂ ಈ ಸೋಂಕು ಮನೆಯೊಳಗೇ ಬರುತ್ತದೆ. ಗಂಡನ ಜೊತೆ ಅವರೂ ಬಂದರೆ ಅವರಿಗೂ ಅಲ್ಲೇ ಹಾಕಲು ಅನುಮತಿ ಇರಲಿ. ಶಕ್ತಿ ಯೋಜನೆಯಿಂದಾಗಿ ಅವರಿಗೆ ಬಸ್ ಚಾರ್ಜಿಲ್ಲ. ಗಂಡಂದಿರಿಗೇ ನಾವು ಬಸ್ ಚಾರ್ಜು ಹುಡುಕಬೇಕು.

ದುಡ್ಡಿನ ಪ್ರಶ್ನೆ ಬರುತ್ತದೆಂದು ಬಲ್ಲೆ. ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ದೇಶದಲ್ಲಿ ಸೂಜಿಯಿಂದ ಮಾದಕ ಬಳಸುವವರು ಸುಮಾರು 8.5 ಲಕ್ಷ ಎಂದು ಅಂದಾಜಿಸಿತ್ತು. ಜನಸಂಖ್ಯೆಯ ಲೆಕ್ಕದಲ್ಲಿ ಮಣಿಪುರ, ಮಿಜೋರಾಂ, ಪಂಜಾಬುಗಳಿಗೆ ಹೋಲಿಸಿದರೆ ನಮ್ಮ ರಾಜ್ಯದ ಪಾಲು ಚಿಕ್ಕದು. ಚಿಕ್ಕದು ಎಂಬ ಕಾರಣಕ್ಕೇ ಇದುವರೆಗೆ ಈ ಕೆಲಸ ಪಟ್ಟಿಯ ಕೊನೆಗೆ ಹೋಗಿದೆ. ಅದೇ ಕಾರಣಕ್ಕೆ ಇದನ್ನು ಒಂದೆರಡು ವರ್ಷಗಳಲ್ಲಿ ಮುಗಿಸಿಯೇ ಬಿಡಬಹುದು ಎಂದು ನನಗನ್ನಿಸುತ್ತದೆ. ‘ತಾವೇ ಹಾಳು ಮಾಡಿಕೊಂಡವರಿಗೆ ಸರ್ಕಾರದ ದುಡ್ಡೇಕೆ’ ಎನ್ನುವವರಿಗೆ ಉತ್ತರ ಕೊಡಲು ಈ ಪತ್ರದಲ್ಲಿ ಜಾಗ ವ್ಯಯಿಸುವುದಿಲ್ಲ. ತಾವು ಹಾಗೆ ಯೋಚಿಸುವವರಲ್ಲ ಎಂಬ ನಂಬಿಕೆಯಿಂದಲೇ ತಮಗೆ ಬರೆದಿದ್ದೇನೆ.

ನಮ್ಮ ದಿನದ ರಿಜಿಸ್ಟರಿನ ಬಲತುದಿಯಲ್ಲಿ ‘ಷರಾ’ ಎಂಬ ಕಾಲಂ ಇದೆ. ಒಂಬತ್ತು ವರ್ಷಗಳಲ್ಲಿ ಅದರಲ್ಲಿ ಏನೂ ಬರೆದದ್ದು ನೆನಪಿಲ್ಲ. ಹೋದ ವಾರ ಸ್ಕೇಲ್ ಇಟ್ಟು ಪೆನ್ಸಿಲಿನಿಂದ ಅದನ್ನು ನಾಲ್ಕು ಮನೆ ಮಾಡಿ, ಮೇಲೆ 0, 7, 21, 12 ತಿಂಗಳು ಎಂದು ಬರೆದಿಟ್ಟಿದ್ದೇನೆ. ತಮ್ಮ ಆದೇಶ ತಲುಪಿದ ಬೆಳಿಗ್ಗೆ ಮೊದಲ ಮನೆಯನ್ನು ಪೆನ್ನಿನಿಂದ ತುಂಬುತ್ತೇನೆ.

ತಮ್ಮ ವಿಶ್ವಾಸಿ,
ಓಎಸ್‌ಟಿ ಕೇಂದ್ರವೊಂದರ ಶುಶ್ರೂಷಕಿ, ಬೆಂಗಳೂರು